ಅತ್ತಿಗೆಗೆ, ಮತ್ತು ನಿಮಗೆಲ್ಲ

ಮೊನ್ನೆಯ ಸ್ಕ್ಯಾನ್‌ನಲ್ಲಿ ಕ್ಯಾನ್ಸರ್ ಎಲ್ಲೂ ಕಾಣಲಿಲ್ಲ. ಫೋನ್ ಮಾಡಿದವರಿಗೆಲ್ಲ ಆಗಲೇ ಹೇಳಿದ್ದೇನೆ. ಲಿಂಫೋಮಾ ಎಂಬ ರಕ್ತದ ಕ್ಯಾನ್ಸರ್ ಬಂದದ್ದು, ಕೀಮೋ ಮುಗಿದ ಮೇಲೂ ಮರಳಿದ್ದು, ನನ್ನದೇ ಟಿ-ಕೋಶಗಳನ್ನು (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳನ್ನು) ಹೊರತೆಗೆದು, ಕ್ಯಾನ್ಸರನ್ನು ಗುರುತಿಸುವಂತೆ ಬದಲಿಸಿ ವಾಪಸ್ ಹಾಕುವ ಕಾರ್-ಟಿ ಚಿಕಿತ್ಸೆಗೆ ಒಪ್ಪಿದ್ದು ಎಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಮತ್ತೆ ಹೇಳುವುದಿಲ್ಲ.

ನಮ್ಮ ಡಾಕ್ಟರು ಮತ್ತು ನರ್ಸ್‌ಗಳು, ಡೊಂಬಿವಲಿಯಿಂದ ಪ್ಲೇಟ್‌ಲೆಟ್ ಕೊಡಲು ಬಂದ ಹುಡುಗರು, ದುಡ್ಡು ಹೊಂದಿಸಿಕೊಟ್ಟ ಆಫೀಸಿನವರು, ಮಗಳನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡ ಮಾಟುಂಗಾದ ಚಿಕ್ಕಮ್ಮ, ದಿನಾ ಕುಚ್ಚಲಕ್ಕಿ ಗಂಜಿ ಕಳಿಸಿದ ಪಕ್ಕದ ಮನೆಯ ಕಾಕು: ನಿಮಗೆಲ್ಲ ನನ್ನ ನಮಸ್ಕಾರ. ಪವಾಯಿಯ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯ ವಿಜ್ಞಾನಿಗಳಿಗೂ ನಮಸ್ಕಾರ. ಅವರು ಸೇರಿ ರೂಪಿಸಿದ ಕಾರ್-ಟಿಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಗದೇ ಹೋಗಿದ್ದರೆ, ಅಮೆರಿಕದಲ್ಲಿ ಕೋಟಿಗಟ್ಟಲೆ ಬೀಳುವ ಈ ಚಿಕಿತ್ಸೆಯ ಹೆಸರನ್ನು ನಾವು ಸುಮ್ನೆ ಕೇಳಿ ಬಿಡಬೇಕಿತ್ತು.

ಇನ್ನು ಅತ್ತಿಗೆಯ ವಿಷಯ.

ನನಗೆ ಕಾರ್-ಟಿ ಆಗುವ ವಾರವೇ ಗಂಡನಿಗೆ ನೆಗಡಿ ಹಿಡಿಯಿತು. ನನ್ನ ಬಿಳಿ ರಕ್ತಕಣ ಪೂರ್ತಿ ಇಳಿದಿದ್ದರಿಂದ ಅವರನ್ನು ಒಳಗೆ ಬಿಡುವಂತಿರಲಿಲ್ಲ. ಅಣ್ಣ ಊರಲ್ಲಿ ಅಮ್ಮನನ್ನು ನೋಡಿಕೊಳ್ಳಬೇಕಿತ್ತು. ಅತ್ತಿಗೆ ಕುಂದಾಪುರದಲ್ಲಿ ಮತ್ಸ್ಯಗಂಧ ರೈಲು ಹತ್ತಿ ಮುಂಬೈಗೆ ಒಬ್ಬರೇ ಬಂದರು. ಹಿಂದಿ ಅಷ್ಟಕ್ಕಷ್ಟೇ, ಮರಾಠಿ ಬರುವುದೇ ಇಲ್ಲ.

ಕೋಶಗಳನ್ನು ವಾಪಸ್ ಹಾಕಿದ ಮೇಲೆ ಮೊದಲು ಬಂದದ್ದು ಜ್ವರ. ಟಿ-ಕೋಶಗಳು ಕ್ಯಾನ್ಸರ್ ಮೇಲೆ ಬಿದ್ದಾಗ ಮೈಯಲ್ಲಿ ಸೈಟೊಕೈನ್ ಎಂಬ ರಾಸಾಯನಿಕಗಳು ಉಕ್ಕುತ್ತವೆ. ಜ್ವರ ಏರುತ್ತದೆ, ಬಿಪಿ ಬೀಳುತ್ತದೆ. ಅದಕ್ಕೆ ಟೊಸಿಲಿಜುಮ್ಯಾಬ್ ಎಂಬ ಔಷಧಿ ಕೊಟ್ಟರು. ಅದು ಮೂಲದಲ್ಲಿ ಸಂಧಿವಾತದ ಔಷಧಿ. 2012ರಲ್ಲಿ ಫಿಲಡೆಲ್ಫಿಯಾದಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಪುಟ್ಟ ಹುಡುಗಿ ಈ ಚಿಕಿತ್ಸೆ ಪಡೆದು ಇಂಥದ್ದೇ ಜ್ವರದಲ್ಲಿ ಕೈಬಿಟ್ಟು ಹೋಗುವ ಸ್ಥಿತಿಗೆ ಬಂದಾಗ, ಡಾಕ್ಟರುಗಳು ಇದನ್ನು ಕೊಟ್ಟು ಉಳಿಸಿಕೊಂಡರು. ಆ ಮಗುವನ್ನು ನಾನು ಆಗಾಗ ನೆನೆಯುತ್ತೇನೆ. ನನ್ನ ಜ್ವರವೂ ಇಳಿಯಿತು.

ಆಮೇಲಿನ ರಾತ್ರಿಯೇ ಕಷ್ಟದ್ದು. ಅದು ನನಗೆ ನೆನಪಿಲ್ಲ. ಇಲ್ಲಿ ಬರೆಯುತ್ತಿರುವುದೆಲ್ಲ ಅತ್ತಿಗೆ ಹೇಳಿದ್ದು.

ಈ ಚಿಕಿತ್ಸೆ ಕೆಲವರ ಮಿದುಳಿಗೂ ತೊಂದರೆ ಮಾಡುತ್ತದೆ. ಅದನ್ನು ಬೇಗ ಹಿಡಿಯಲು ನರ್ಸ್ ಬಂದು ಬಂದು ಕೇಳುತ್ತಾರೆ: ಇದು ಯಾವ ವರ್ಷ, ಯಾವ ಊರು, ಈ ವಸ್ತುವಿನ ಹೆಸರೇನು. ನೂರರಿಂದ ಹತ್ತು ಹತ್ತು ಕಳೆಯುತ್ತ ಎಣಿಸಬೇಕು. ಒಂದು ವಾಕ್ಯ ಬರೆಯಬೇಕು. ಎಲ್ಲ ಸರಿಯಾದರೆ ಹತ್ತಕ್ಕೆ ಹತ್ತು. ನಾನು ಕನ್ನಡದಲ್ಲೇ ಬರೆಯುತ್ತಿದ್ದೆ, ಯಾವಾಗಲೂ ಒಂದೇ ವಾಕ್ಯ: ‘ನಮ್ಮ ಮನೆ ಬಾವಿಯ ನೀರು ಸಿಹಿ.’ ನರ್ಸ್ ಕೇರಳದವರು, ಬಹಳ ಒಳ್ಳೆಯವರು. ಕನ್ನಡ ಓದಲು ಬರದ ಕಾರಣ ಪ್ರತಿಸಲ ಅತ್ತಿಗೆಯನ್ನು ಕೇಳಿಯೇ ಅಂಕ ಹಾಕುತ್ತಿದ್ದರು.

ಆ ರಾತ್ರಿ ನಾನು ಗುಂಡಗೆ, ಸಾಲಾಗಿಯೇ ಬರೆದಿದ್ದೆನಂತೆ. ನೋಡಿದರೆ ಬರಹದ ಹಾಗೇ ಇತ್ತು. ಅತ್ತಿಗೆ ಕನ್ನಡಕ ಹಾಕಿಕೊಂಡು ಓದಿದರು. ಒಂದು ಒತ್ತಕ್ಷರವೂ ಇಲ್ಲ. ‘ನ’ದ ಪಕ್ಕ ‘ನ’, ಅದರ ಪಕ್ಕ ಮತ್ತೆ ‘ನ’. ಮಾತು ಇನ್ನೂ ಸರಿಯಾಗೇ ಇತ್ತು, ವರ್ಷ ಸರಿ ಹೇಳಿದ್ದೆ. ಆದರೂ ಅವರು ಬಿಡಲಿಲ್ಲ. “ಇದು ಅವಳ ಅಕ್ಷರ ಅಲ್ಲ, ಡಾಕ್ಟರನ್ನು ಕರೀರಿ” ಅಂತ ತಮಗೆ ಬಂದ ಹಿಂದಿಯಲ್ಲಿ ಹೇಳಿದರು. ನರ್ಸ್ ತಕ್ಷಣ ಕರೆದರು. ಡಾಕ್ಟರು ಬರುವಷ್ಟರಲ್ಲಿ ನಾನು ತೊಂಬತ್ತಕ್ಕೇ ನಿಂತುಬಿಟ್ಟಿದ್ದೆ. ಟೊಸಿಲಿಜುಮ್ಯಾಬ್ ಮಿದುಳಿನೊಳಗೆ ಹೋಗುವುದು ತೀರಾ ಕಡಿಮೆ. ಹಾಗಾಗಿ ಸ್ಟೀರಾಯ್ಡ್ ಶುರು ಮಾಡಿದರು. ಬೇಗ ಗೊತ್ತಾಗಿದ್ದು ಒಳ್ಳೆಯದಾಯಿತು ಎಂದು ಆಮೇಲೆ ಡಾಕ್ಟರೇ ಅತ್ತಿಗೆಗೆ ಹೇಳಿದರು.

ಬೆಳಗಿನವರೆಗೂ ನಾನು “ನೀವ್ಯಾರು?” ಅಂತ ಕೇಳುತ್ತಲೇ ಇದ್ದೆನಂತೆ. “ನಾನು ಮಾರಾಯ್ತಿ, ನಿನ್ನ ಅತ್ತಿಗೆ” ಎಂದು ಪ್ರತಿಸಲವೂ ಹೊಸದಾಗಿ ಹೇಳಿದ್ದಾರೆ. ಮಧ್ಯೆ ಊರಿನಿಂದ ಅಮ್ಮ ಫೋನ್ ಮಾಡಿದಾಗ “ಅತ್ತೆ, ಅವಳಿಗೆ ಒಳ್ಳೆ ನಿದ್ದೆ ಬಂದಿದೆ” ಅಂದಿದ್ದಾರೆ. ನಾನು ಆ ರಾತ್ರಿ ಹೋಗಿಬಿಟ್ಟಿದ್ದರೆ ಆ ಮಾತನ್ನು ಅವರೊಬ್ಬರೇ ಬದುಕಿಡೀ ಹೊರಬೇಕಿತ್ತು. ನಾನು ಸಾಯುತ್ತೇನೆ ಎನ್ನುವ ಭಯವನ್ನು ನನ್ನ ಬದಲು ಅವರು ಪಟ್ಟರು. ಇದನ್ನು ಬರೆಯುವಾಗ ನನಗೆ ತಡೆಯಲು ಆಗುತ್ತಿಲ್ಲ.

ಅತ್ತಿಗೆ, ನನಗೆ ನೆನಪೇ ಇಲ್ಲದ ರಾತ್ರಿಗೆ ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ? ನೀವು ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಅದಕ್ಕೇ ನಾನು ಎಲ್ಲರ ಮುಂದೆ ಹೇಳುತ್ತಿದ್ದೇನೆ.

ಈಗ ಹುಷಾರಾಗಿದ್ದೇನೆ. ಈ ಚಿಕಿತ್ಸೆ ಕ್ಯಾನ್ಸರ್ ಜೊತೆ ಸೋಂಕಿನ ವಿರುದ್ಧ ಪ್ರತಿಕಾಯ ತಯಾರಿಸುವ ಒಳ್ಳೆಯ ಬಿ-ಕೋಶಗಳನ್ನೂ ತೆಗೆದುಬಿಡುತ್ತದೆ, ಹಾಗಾಗಿ ಸೋಂಕು ಜಾಸ್ತಿ. ಅದಕ್ಕೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಅಂಥ ಪ್ರತಿಕಾಯಗಳ ಡ್ರಿಪ್ ನಡೆಯುತ್ತಿದೆ. ಗುಂಪಿರುವ ಕಡೆ ನಾನು ಬರದಿದ್ದರೆ ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಕಾರ್-ಟಿ ಆಗುವುದಿದ್ದರೆ ಒಂದು ಕೆಲಸ ಮಾಡಿ. ಕೋಶ ಹಾಕುವ ಮೊದಲೇ ಅವರ ಕೈಯಲ್ಲಿ ಅವರದೇ ಭಾಷೆಯಲ್ಲಿ ಒಂದು ವಾಕ್ಯ ಬರೆಸಿ ಹಾಸಿಗೆ ಹತ್ತಿರ ಇಟ್ಟುಕೊಳ್ಳಿ. ರಾತ್ರಿ ಜೊತೆಗಿರುವವರಿಗೆ ಆ ಅಕ್ಷರ ಓದಲು ಬರಬೇಕು. ಇನ್ನೇನಾದರೂ ಕೇಳುವುದಿದ್ದರೆ ನನಗೆ ಮೆಸೇಜ್ ಹಾಕಿ. ಜೊತೆಗಿರುವವರು ಏನು ಮಾಡಬೇಕು ಅಂತಾದರೆ ಅತ್ತಿಗೆಯೇ ಮಾತಾಡುತ್ತಾರಂತೆ. ಸಂಜೆ ಹೊತ್ತು ಅವರಿಗೆ ಪುರಸೊತ್ತು.