ಪಾದಗಳಷ್ಟೇ ಉಳಿದ ಆಚಾರ್ಯರಿಗೆ ಜಾತಕ ಬರೆಯುವುದು ಬೇಡ

ಮಾನ್ಯ ಸಂಪಾದಕರೇ,

ಕೊಪ್ಪಳದಲ್ಲಿ ಇತ್ತೀಚೆಗೆ ನಡೆದ ಶಾಲಾ ಮಕ್ಕಳ ವಸ್ತುಪ್ರದರ್ಶನವೊಂದರ ವರದಿಯನ್ನು ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಓದಿ, ಅದರಲ್ಲಿ ನಮ್ಮ ಭಾಗದ ಪ್ರಾಚೀನ ವಿದ್ವಾಂಸರ ಬಗೆಗೂ ಫಲಕಗಳಿವೆ ಎಂದು ತಿಳಿದು, ನೋಡಲೆಂದೇ ಹೋಗಿದ್ದೆ. ಸಂಸ್ಕೃತದಲ್ಲಿ ದೊಡ್ಡ ಕಾವ್ಯ ಬರೆದ ಜೈನ ಮುನಿ ಜಟಾಸಿಂಹನಂದಿ ಆಚಾರ್ಯರ ಹೆಸರಿನ ಫ್ಲೆಕ್ಸ್ ಅಲ್ಲಿತ್ತು. ಸಾಮಾನ್ಯವಾಗಿ ಯಾರೂ ನೆನೆಯದ ಹೆಸರೊಂದನ್ನು ಎಂಟನೆಯ ತರಗತಿಯ ಮಕ್ಕಳು ಆರಿಸಿಕೊಂಡದ್ದು ನನಗೆ ನಿಜವಾಗಿಯೂ ಸಂತೋಷ ತಂದಿತು. ಆದರೆ ಫಲಕವನ್ನು ಓದುತ್ತ ಹೋದಂತೆ ಆ ಸಂತೋಷ ಇಳಿಯಿತು. ಆಚಾರ್ಯರ ಹುಟ್ಟಿದ ಇಸವಿ, ಹುಟ್ಟಿದ ಊರು, ಪಟ್ಟಶಿಷ್ಯನ ಹೆಸರು, ದೇಹತ್ಯಾಗ ಮಾಡಿದ ಸ್ಥಳ ಎಲ್ಲವೂ ಅಲ್ಲಿ ಒಂದೂ ಬಿಡದಂತೆ ಇದ್ದವು. ಜೊತೆಗೊಂದು ಚಿತ್ರ: ಕಾವಿ ಉಟ್ಟು, ರುದ್ರಾಕ್ಷಿ ತೊಟ್ಟು, ಜಟೆ ಕಟ್ಟಿದ ಋಷಿ. ದಿಗಂಬರ ಮುನಿಯೊಬ್ಬರಿಗೆ ಕಾವಿ ಉಡಿಸಿದ್ದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಕ್ಕಳ ತಪ್ಪು ಇದರಲ್ಲಿ ಏನೂ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ತಪ್ಪು ಯಾರದೆಂಬುದನ್ನು ಮುಂದೆ ಹೇಳುತ್ತೇನೆ.

ಈ ಆಚಾರ್ಯರಿಗೂ ಕೊಪ್ಪಳಕ್ಕೂ ಇರುವ ನಂಟಿಗೆ ಆಧಾರ ಒಂದೇ ಒಂದು ಕಲ್ಲು. ಎರಡು ಬಂಡೆಗಳ ಮೇಲೆ ಮತ್ತೊಂದು ಬಂಡೆ ಚಪ್ಪರದಂತೆ ಕೂತಿರುವುದರಿಂದ ಪಾಲ್ಕಿಗುಂಡು ಎನಿಸಿಕೊಂಡ ಬೆಟ್ಟದ ಮೇಲೆ, ಅಶೋಕನ ಶಾಸನ ಇರುವಲ್ಲಿಯೇ, ಬಂಡೆಯಲ್ಲಿ ಒಂದು ಜೊತೆ ಪಾದಗಳನ್ನು ಕೊರೆಯಲಾಗಿದೆ. ಅದರ ಬಳಿಯ ಕನ್ನಡ ಬರಹ ಒಂದೇ ವಾಕ್ಯದ್ದು: ‘ಜಟಾಸಿಂಗನಂದಿ ಆಚಾರ್ಯರ ಪದವಂ ಚಾವಯ್ಯಂ ಮಾಡಿಸಿದಂ’. ಅಂದರೆ ಆಚಾರ್ಯರ ಪಾದಗಳನ್ನು ಚಾವಯ್ಯ ಎಂಬುವನು ಕೊರೆಸಿದನು. ಇಷ್ಟೇ. (ಹಿಂದೊಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಒಬ್ಬ ಹುಡುಗ, ‘ಸರ್, ಚಾವಯ್ಯ ಯಾವ ಪದ ಹಾಡಿಸಿದ್ದ?’ ಎಂದು ಕೇಳಿದ್ದ. ಗೀಗೀ ಪದ, ತತ್ವಪದಗಳ ನಾಡಿನ ಹುಡುಗನಿಗೆ ಪದವೆಂದರೆ ಹಾಡು ಎನಿಸುವುದು ಸಹಜವೇ. ಶಾಸನದ ಒಂದೊಂದು ಶಬ್ದದ ಮುಂದೆಯೂ ಹೀಗೆ ನಿಂತು ಕೇಳಬೇಕೆಂಬುದನ್ನು ಅವನಿಂದಲೇ ಕಲಿತೆ.) ಲಿಪಿಯ ಲಕ್ಷಣದಿಂದ ಈ ಬರಹವು ಸುಮಾರು ಹತ್ತನೆಯ ಶತಮಾನದ್ದೆಂದು ವಿದ್ವಾಂಸರು ಹೇಳಿದ್ದಾರೆ. ಆಚಾರ್ಯರಾದರೋ ಅದಕ್ಕಿಂತ ಬಹಳ ಹಿಂದಿನವರು. ಹಾಗಿರುವಾಗ ಚಾವಯ್ಯನು ಅವರ ಶಿಷ್ಯನಾಗುವುದು ಹೇಗೆ? ಇನ್ನೂರು ವರ್ಷಗಳ ಅನಂತರ ಹುಟ್ಟಿದ ಭಕ್ತನನ್ನು ಫಲಕವು ಪಟ್ಟಶಿಷ್ಯನನ್ನಾಗಿ ಮಾಡಿ ಕೂರಿಸಿತ್ತು.

ಕೊಪ್ಪಳದ ಕಲ್ಲುಗಳಿಗೆ ಜೀವನಚರಿತ್ರೆ ಬರೆಯಲು ಬರುತ್ತಿರಲಿಲ್ಲ ಎಂದೇನೂ ಅಲ್ಲ. ಇದೇ ಊರಿನ ಶಕ 803ರ, ಅಂದರೆ ಕ್ರಿ.ಶ. 881ರ ಶಾಸನವೊಂದು ಸರ್ವನಂದಿ ಭಟಾರರನ್ನು ಕುರಿತು ಹೇಳುವಾಗ, ಅವರು ಕುಂದಕುಂದಾನ್ವಯದವರು (ಎಂದರೆ ಕುಂದಕುಂದಾಚಾರ್ಯರ ಪರಂಪರೆಯವರು), ಏಕಚಟ್ಟುಗದ ಭಟಾರರ ಶಿಷ್ಯರು, ಇಲ್ಲಿಯೇ ಇದ್ದು ಊರಿಗೂ ತೀರ್ಥಕ್ಕೂ ಉಪಕಾರಿಗಳಾಗಿ ಬಹುಕಾಲ ತಪಸ್ಸು ಮಾಡಿ ಸನ್ಯಸನದಿಂದ, ಎಂದರೆ ಉಪವಾಸದ ವ್ರತದಿಂದ, ದೇಹವನ್ನು ಬಿಟ್ಟರು ಎಂದು ಗುರು, ಕಾಲ, ಬದುಕು, ಮರಣ ಎಲ್ಲವನ್ನೂ ಕೆಲವೇ ಮಾತುಗಳಲ್ಲಿ ತಿಳಿಸುತ್ತದೆ. ದೊಡ್ಡ ಕಾವ್ಯ ಬರೆದವರಿಗೆ ಪಾದಗಳಷ್ಟೇ ಉಳಿದವು, ಕಾವ್ಯ ಬರೆದ ಸುದ್ದಿಯೇ ಇಲ್ಲದವರಿಗೆ ಪೂರ್ಣ ಚರಿತ್ರೆ ದೊರೆಯಿತು. ಮಕ್ಕಳಿಗೆ ಈ ಎರಡೂ ಶಾಸನಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದ್ದರೆ, ಯಾವ ಮಾತಿಗೆ ಆಧಾರ ಉಂಟು, ಯಾವುದಕ್ಕೆ ಇಲ್ಲ ಎಂಬುದು ಅವರಿಗೆ ತಾನಾಗಿ ಹೊಳೆಯುತ್ತಿತ್ತು.

ಇನ್ನು ಆಚಾರ್ಯರ ಕೃತಿಯ ವಿಷಯ. ಮೂವತ್ತೊಂದು ಸರ್ಗಗಳ ಸಂಸ್ಕೃತ ಕಾವ್ಯ ‘ವರಾಂಗಚರಿತ’ ಅವರದು ಎಂಬುದು ಇಂದು ಸರ್ವಸಮ್ಮತ. ಆದರೆ ನೂರು ವರ್ಷಗಳ ಹಿಂದೆ ಅದೂ ಗೊತ್ತಿರಲಿಲ್ಲ. ಕೊಲ್ಲಾಪುರದ ಲಕ್ಷ್ಮೀಸೇನ ಮಠದಲ್ಲಿ ಈ ಕಾವ್ಯದ ಓಲೆಗರಿ ದೊರೆತಾಗ, ಸರ್ಗಾಂತ್ಯದ ಗದ್ಯದಲ್ಲಿ ಕಾವ್ಯದ ಹೆಸರಿತ್ತೇ ಹೊರತು ಕವಿಯ ಹೆಸರಿರಲಿಲ್ಲ. ಕ್ರಿ.ಶ. 783ರ ಹರಿವಂಶಪುರಾಣದಲ್ಲಿ ಜಿನಸೇನರು ರವಿಷೇಣರ ಪದ್ಮಚರಿತವನ್ನು ಹೊಗಳಿದ ಬೆನ್ನಿಗೇ ವರಾಂಗಚರಿತವನ್ನು ಹೊಗಳಿ, ಅದರ ಕವಿಯ ಹೆಸರನ್ನು ಹೇಳದೆ ಮುಂದೆ ಸಾಗಿದ್ದರಿಂದ, ಎರಡೂ ರವಿಷೇಣರವೇ ಎಂದು ಕೆಲವು ವಿದ್ವಾಂಸರು ನಂಬಿದ್ದರು. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿ, ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸುತ್ತಿದ್ದ ಡಾ. ಆ. ನೇ. ಉಪಾಧ್ಯೆಯವರು ಈ ಗಂಟನ್ನು ಬಿಡಿಸಿದ ರೀತಿಯನ್ನು ನಾನು ತರಗತಿಯಲ್ಲಿ ಪತ್ತೇದಾರಿ ಕಥೆಯಂತೆ ಹೇಳುತ್ತಿದ್ದೆ. ಕ್ರಿ.ಶ. 779ರ ಪ್ರಾಕೃತ ಕೃತಿ ಕುವಲಯಮಾಲೆಯಲ್ಲಿ ವರಾಂಗ, ಪದ್ಮ ಎಂಬ ಎರಡು ಚರಿತಗಳ ಜೊತೆಗೆ ಜಡಿಯ, ರವಿಷೇಣ ಎಂಬ ಇಬ್ಬರು ಕವಿಗಳ ಹೆಸರುಗಳಿವೆ. ಎಂದರೆ ಕೃತಿಗಳೂ ಎರಡು, ಕವಿಗಳೂ ಇಬ್ಬರು. ಪ್ರಾಕೃತದ ಜಡಿಯ ಎಂದರೆ ಜಟೆಯುಳ್ಳವನು. ಆ ಜಡಿಯ ಯಾರು? ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಕನ್ನಡದಲ್ಲಿ. 978ರ ಚಾವುಂಡರಾಯಪುರಾಣದಲ್ಲಿ ಜಟಾಸಿಂಹನಂದ್ಯಾಚಾರ್ಯರ ವೃತ್ತವೆಂದು ಹೆಸರಿಸಿ ಉದ್ಧರಿಸಿದ ಸಂಸ್ಕೃತ ಪದ್ಯವು ಕವಿಯ ಹೆಸರಿಲ್ಲದ ಆ ಓಲೆಗರಿಯ ಕಾವ್ಯದಲ್ಲಿಯೇ ಇತ್ತು. ಬೇರೆ ಬೇರೆ ಭಾಷೆಗಳ, ಬೇರೆ ಬೇರೆ ಶತಮಾನಗಳ ಸಾಕ್ಷಿಗಳು ಒಂದೆಡೆ ಕೂಡಿದವು. ಉಪಾಧ್ಯೆಯವರು 1938ರಲ್ಲಿ ಮುಂಬಯಿಯ ಮಾಣಿಕಚಂದ್ರ ದಿಗಂಬರ ಜೈನ ಗ್ರಂಥಮಾಲೆಯಲ್ಲಿ ಕಾವ್ಯವನ್ನು ಸಂಪಾದಿಸಿ ಹೊರತಂದರು. ಅಷ್ಟರಲ್ಲಿ ಪ್ರಕಟವಾಗಿದ್ದ ನಮ್ಮ ಕೊಪ್ಪಳದ ಪಾದಶಾಸನವನ್ನೂ ಅವರು ಪರಿಶೀಲಿಸಿದರು.

ಅವರು ಎಲ್ಲಿ ನಿಂತರು ಎಂಬುದು ನನಗೆ ಇನ್ನೂ ಮುಖ್ಯವೆನಿಸುತ್ತದೆ. ಕವಿ 779ಕ್ಕಿಂತ ಹಿಂದಿನವರೆಂಬುದು ಸಾಕ್ಷಿಯ ಬಲವಿರುವ ಮಾತು. ಏಳನೆಯ ಶತಮಾನದ ಕೊನೆಯವರಿರಬೇಕು ಎಂಬುದು ಅಂದಾಜು. ಆಚಾರ್ಯರು ಕೊನೆಯ ದಿನಗಳನ್ನು ಕೊಪಣದಲ್ಲಿ (ಕೊಪ್ಪಳದ ಹಳೆಯ ಹೆಸರು ಅದು) ಕಳೆದಿರಬಹುದು ಎಂಬುದು, ಕೊಪಣವು ಜೈನರ ಮಹಾತೀರ್ಥವಾಗಿತ್ತು ಎಂಬ ಕಾರಣದಿಂದ ಹುಟ್ಟಿದ ಊಹೆ. ಹುಟ್ಟಿದ ಊರಿನ ಬಗ್ಗೆ ಕಲ್ಲೂ ಮಾತನಾಡುವುದಿಲ್ಲ, ಓಲೆಯೂ ಮಾತನಾಡುವುದಿಲ್ಲ. ‘ಇರಬಹುದು’ ಎಂಬುದು ಕೈಪಿಡಿಗೆ ಬರುವಾಗ ‘ಇರಬೇಕು’ ಆಗಿ, ಫ್ಲೆಕ್ಸಿಗೆ ಏರುವಾಗ ‘ಇದ್ದರು’ ಆಗಿಬಿಟ್ಟರೆ, ಅಷ್ಟು ಕಷ್ಟಪಟ್ಟು ಓಲೆಗರಿ ಹೋಲಿಸಿದವರ ಶ್ರಮಕ್ಕೆ ನಾವು ಕೊಟ್ಟ ಬೆಲೆಯಾದರೂ ಏನು?

ಒಂದು ಶಬ್ದದ ತೂಕ ಎಷ್ಟೆಂಬುದನ್ನು ನಮ್ಮ ಭಾಗದವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಶಾಸನಗಳಲ್ಲಿ ಬರುವ ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದನ್ನು ಶ್ರೀಲಂಕಾದ ಗ್ರಂಥಗಳ ಆಧಾರದಿಂದ ಹತ್ತೊಂಬತ್ತನೆಯ ಶತಮಾನದಲ್ಲಿಯೇ ತರ್ಕಿಸಲಾಗಿತ್ತಾದರೂ, ಅಶೋಕ ಎಂಬ ಹೆಸರನ್ನು ಕಲ್ಲಿನ ಮೇಲೆಯೇ ತೋರಿಸಿದ್ದು ರಾಯಚೂರು ಜಿಲ್ಲೆಯ ಮಸ್ಕಿ, ಅದೂ 1915ರಲ್ಲಿ, ಚಿನ್ನದ ಗಣಿಯ ಇಂಜಿನಿಯರೊಬ್ಬರ ಕಣ್ಣಿಗೆ ಶಾಸನ ಬಿದ್ದಾಗ.

ಹಾಗಾದರೆ ಹುಟ್ಟೂರು, ತಂದೆತಾಯಿ ಯಾವುದನ್ನೂ ಬರೆಯದೆ ಫಲಕದಲ್ಲಿ ಏನು ಬರೆಯಬೇಕು ಎಂದು ಅಲ್ಲಿದ್ದ ಯುವ ಶಿಕ್ಷಕಿಯೊಬ್ಬರು ನನ್ನನ್ನು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಆಚಾರ್ಯರ ಬುದ್ಧಿ ಹೇಗೆ ಓಡುತ್ತಿತ್ತೆಂಬುದಕ್ಕೆ ಕಾವ್ಯವೇ ಇದೆಯಲ್ಲ, ಅದನ್ನು ಬರೆಯಿರಿ ಎಂದೆ. ವರಾಂಗನ ಕಥೆ ಮಕ್ಕಳಿಗೆ ಹಿಡಿಸುವಂಥದ್ದು: ಮಲತಾಯಿಯ ಪಕ್ಷದ ಮಂತ್ರಿ ವಕ್ರವಾಗಿ ಪಳಗಿಸಿದ ಕುದುರೆ ರಾಜಕುಮಾರನನ್ನು ಕಾಡಿಗೆ ಹೊತ್ತೊಯ್ಯುತ್ತದೆ, ಅವನು ಹೆಸರು ಮರೆಸಿಕೊಂಡು ವ್ಯಾಪಾರಿಗಳ ತಂಡ ಸೇರಿ ಬದುಕುತ್ತಾನೆ. ಇಪ್ಪತ್ತೈದನೆಯ ಸರ್ಗದಲ್ಲಿ ಕವಿಯು, ನಾಲ್ಕು ವರ್ಣಗಳೆಂಬುದು ದಯೆ, ರಕ್ಷಣೆ, ಕೃಷಿ, ಶಿಲ್ಪ ಎಂಬ ಕೆಲಸಗಳ ಭೇದದಿಂದ ಬಂದ ವ್ಯವಹಾರವೇ ಹೊರತು ಬೇರೆ ರೀತಿಯಲ್ಲಿ ಅಲ್ಲ ಎಂದು ವಾದಿಸುತ್ತಾರೆ. ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಈ ವಾದವನ್ನು ದೊಡ್ಡ ಅಕ್ಷರದಲ್ಲಿ ಬರೆದಿದ್ದರೆ ಇಸವಿಯ ಕೊರತೆ ಯಾರಿಗೂ ಕಾಣುತ್ತಿರಲಿಲ್ಲ. ಜಟೆಯ ವಿಷಯವೂ ಸ್ವಾರಸ್ಯದ್ದೇ. ಕೇಶಲೋಚ ಮಾಡಿಕೊಳ್ಳುವ, ಎಂದರೆ ತಲೆಗೂದಲನ್ನು ಕೈಯಿಂದ ಕಿತ್ತುಕೊಳ್ಳುವ, ದಿಗಂಬರ ಮುನಿಗೆ ಜಟೆಯ ಹೆಸರು ಬಂದದ್ದು ಹೇಗೆ ಎಂಬುದು ಒಳ್ಳೆಯ ಒಗಟು. ಸಂಸ್ಕೃತ ಆದಿಪುರಾಣದ ಜಿನಸೇನಾಚಾರ್ಯರಂತೂ (ಹರಿವಂಶಪುರಾಣದ ಜಿನಸೇನರಲ್ಲ, ಇವರು ಬೇರೆ), ಕಾವ್ಯಚಿಂತನೆಯ ಹೊತ್ತಿನಲ್ಲಿ ಅಲುಗುತ್ತಿದ್ದ ಆ ಜಟೆಗಳು ಅರ್ಥವನ್ನು ತಾವೇ ಬಿಡಿಸಿ ಹೇಳುತ್ತಿದ್ದಂತಿತ್ತು ಎಂದು ಚಂದವಾಗಿ ವರ್ಣಿಸಿದ್ದಾರೆ. ಮೊಬೈಲಿನಿಂದ ಇಳಿಸಿಕೊಂಡ ಋಷಿಯ ಚಿತ್ರಕ್ಕಿಂತ ಈ ಒಂದು ಮಾತು ಸಾಕಿತ್ತು.

ಕೊಪ್ಪಳದ ಹಿರಿಮೆಗೆ ಹುಟ್ಟೂರೆಂಬ ಬಿರುದಿನ ಅಗತ್ಯವೂ ಇಲ್ಲ. ಕನ್ನಡದ ತಿರುಳಿನ ನಾಡಿನ ಎಲ್ಲೆಯನ್ನು ಗುರುತಿಸುವಾಗ ಕವಿರಾಜಮಾರ್ಗವು ‘ವಿದಿತ ಮಹಾಕೊಪಣನಗರ’ ಎಂದಿತು. ಅತ್ತಿಮಬ್ಬೆಯ ನಡತೆಯ ಪಾವಿತ್ರ್ಯಕ್ಕೆ ರನ್ನನು ಕೊಪಣಾಚಲವನ್ನು ಹೋಲಿಕೆಯಾಗಿ ತಂದನು. ಹೊರಗಿನ ಪಂಡಿತರೊಬ್ಬರು ಬಂದು ಇಲ್ಲಿ ನೆಲೆಸಿದರೆಂದರೂ, ಅಥವಾ ಎಲ್ಲಿಯೋ ಬಾಳಿದವರ ಪಾದಗಳನ್ನು ಇಲ್ಲಿಯವನೊಬ್ಬ ಭಕ್ತಿಯಿಂದ ಕೊರೆಸಿದನೆಂದರೂ, ಊರಿನ ಗೌರವ ಎಳ್ಳಷ್ಟೂ ಕುಂದುವುದಿಲ್ಲ.

ಈಗ ತಪ್ಪು ಯಾರದೆಂಬ ಮಾತಿಗೆ ಬರುತ್ತೇನೆ. ಈ ಮಾಹಿತಿ ಎಲ್ಲಿ ಸಿಕ್ಕಿತೆಂದು ಮಕ್ಕಳನ್ನು ಕೇಳಿದಾಗ ಅವರು ಸಂಸ್ಥೆಯೊಂದರ ಪ್ರವಾಸಿ ಕೈಪಿಡಿಯನ್ನು ತೋರಿಸಿದರು. ಅದರಲ್ಲಿದ್ದ ‘ಪುಣ್ಯಭೂಮಿ ಕೊಪಣದಲ್ಲಿ ಜನ್ಮವೆತ್ತಿದ ಜಟಾಸಿಂಹನಂದಿಗಳು ಶಿಷ್ಯ ಚಾವಯ್ಯನೊಡನೆ’ ಎಂಬ ವಾಕ್ಯವನ್ನು ಓದಿದ ಕೂಡಲೇ ನನ್ನ ಮೈ ಬಿಸಿಯಾಯಿತು, ಏಕೆಂದರೆ ಆ ವಾಕ್ಯ ನನ್ನದು. ಸುಮಾರು ಮೂವತ್ತು ವರ್ಷಗಳ ಹಿಂದೆ, ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯ ತಾಲ್ಲೂಕಾಗಿದ್ದಾಗ, ಶಾಲೆಯ ಸ್ಮರಣ ಸಂಚಿಕೆಗೆ ಅವಸರದಲ್ಲಿ ಬರೆದುಕೊಟ್ಟ ಲೇಖನದಲ್ಲಿ ನಾನು ಹಾಗೆ ಬರೆದಿದ್ದೆ. ಊರಿನ ಅಭಿಮಾನದಲ್ಲಿ ಲೇಖನಿ ಹರಿದಿತ್ತು. ಉಪಾಧ್ಯೆಯವರ ಪ್ರಸ್ತಾವನೆಯನ್ನು ನಾನು ಓದಿದ್ದು ಆಮೇಲೆ. ಓದಿದ ಮೇಲಾದರೂ ತಿದ್ದುಪಡಿಯನ್ನು ಅಚ್ಚು ಹಾಕಿಸಬೇಕಿತ್ತು, ಹಾಕಿಸಲಿಲ್ಲ. ಹುಟ್ಟಿದ ಇಸವಿಯನ್ನು ಮಾತ್ರ ನನ್ನ ನಂತರದವರು ಯಾರೋ ಸೇರಿಸಿದ್ದಾರೆ.

ಆದ್ದರಿಂದ ಈ ಪತ್ರವನ್ನು ದೂರೆಂದು ತಿಳಿಯದೆ ತಡವಾದ ತಿದ್ದುಪಡಿಯೆಂದು ಪ್ರಕಟಿಸಬೇಕಾಗಿ ವಿನಂತಿ. ಗವಿಸಿದ್ಧೇಶ್ವರ ಜಾತ್ರೆಯ ದಿನಗಳಲ್ಲಿ ಸಾವಿರಾರು ಜನ ಈ ಬೆಟ್ಟಗಳ ಕಡೆಗೆ ಬರುತ್ತಾರೆ. ಪಾಲ್ಕಿಗುಂಡು ಹತ್ತಿದವರೂ ಹೆಚ್ಚಾಗಿ ಅಶೋಕನ ಶಾಸನ ನೋಡಿ ಇಳಿದುಬಿಡುತ್ತಾರೆ. ಪಾದಶಾಸನದ ಅಚ್ಚಿನ ಒಂದು ಚಿತ್ರ, ಅದರ ಓದು, ಹೊಸಗನ್ನಡದಲ್ಲಿ ಅದರ ಅರ್ಥ ಇಷ್ಟಿರುವ ಫಲಕವನ್ನು ಬೆಟ್ಟದ ಬುಡದಲ್ಲಿ ಹಾಕಿಸಲು ಸಂಬಂಧಪಟ್ಟವರು ಮನಸ್ಸು ಮಾಡಿದರೆ ನನ್ನ ಕೈಲಾದ ವಂತಿಗೆ ಕೊಡಲು ಸಿದ್ಧನಿದ್ದೇನೆ. ಅಕ್ಷರ ಕಾಣಲೆಂದು ಬಂಡೆಗೆ ಸೀಮೆಸುಣ್ಣ ಬಳಿಯುವ ನಮ್ಮ ಶಿಕ್ಷಕ ಮಿತ್ರರು ದಯವಿಟ್ಟು ಅದನ್ನು ನಿಲ್ಲಿಸಲಿ. ಬೆಳಗಿನ ಓರೆ ಬಿಸಿಲಿನಲ್ಲಿ ಹೋದರೆ ಅಕ್ಷರಗಳು ತಾವೇ ಕಾಣುತ್ತವೆ. ಕೊನೆಯದಾಗಿ, ಆ ಹಳೆಯ ಸ್ಮರಣ ಸಂಚಿಕೆ ಯಾರ ಮನೆಯ ಅಟ್ಟದ ಮೇಲಾದರೂ ಇದ್ದರೆ, ಅದರಲ್ಲಿ ‘ಜನ್ಮವೆತ್ತಿದ’ ಮತ್ತು ‘ಶಿಷ್ಯ’ ಎಂಬ ಎರಡು ಮಾತುಗಳನ್ನು ಪೆನ್ನಿನಿಂದ ಹೊಡೆದುಹಾಕಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕ, ಕೊಪ್ಪಳ