ಮ್ಯಾಟ್ ಫಿನಿಶ್ ದರ, ಡೆಲಿವರಿ ದಿನದಲ್ಲಿ ಬದಲಾವಣೆ

ಮಾನ್ಯ ಗ್ರಾಹಕರೇ,

ಬರುವ ತಿಂಗಳ ಒಂದನೇ ತಾರೀಕಿನಿಂದ ಮ್ಯಾಟ್ ಫಿನಿಶ್ (ಹೊಳಪಿಲ್ಲದ ಮೇಲ್ಮೈ) ಆನೋಡೈಸಿಂಗ್‌ಗೆ, ಅಂದರೆ ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪದರ ಬರಿಸುವ ಕೆಲಸಕ್ಕೆ, ಚದರ ಮೀಟರಿಗೆ 12 ರೂಪಾಯಿ ಹೆಚ್ಚಾಗುತ್ತದೆ, ಮಾಲು ಒಂದು ದಿನ ತಡವಾಗಿ ಸಿಗುತ್ತದೆ. ದಸರಾ ಹತ್ತಿರವಿರುವಾಗ, ಎಲ್ಲರಿಗೂ ಅವಸರವಿರುವ ಹೊತ್ತಿನಲ್ಲಿ ಇದನ್ನು ಹೇಳುತ್ತಿರುವುದಕ್ಕೆ ಕ್ಷಮಿಸಿ. ನ್ಯಾಚುರಲ್ ಫಿನಿಶ್‌ಗೆ ಹಳೇ ದರ, ಹಳೇ ದಿನವೇ.

‘ಹೆಬ್ಬಾಳಿನವರು ದರ ಏರಿಸಿ ಕೂತಿದ್ದಾರೆ’ ಎಂದು ನಮ್ಮ ಬಗ್ಗೆ ಆಡುವ ಮಾತು ನಮ್ಮ ಕಿವಿಗೂ ಬಿದ್ದಿದೆ. ಲೆಕ್ಕ ನೀವೇ ನೋಡಿ. ಒಳ್ಳೆಯ ಮ್ಯಾಟ್ ಬರಬೇಕಾದರೆ ಬಿಸಿ ಕಾಸ್ಟಿಕ್ ಸೋಡಾದ ಬಾತ್‌ನಲ್ಲಿ (ತೊಟ್ಟಿಯಲ್ಲಿ) ಸೆಕ್ಷನ್‌ನ, ಅಂದರೆ ನೀವು ಕಳಿಸುವ ಅಲ್ಯೂಮಿನಿಯಂ ಪಟ್ಟಿಯ, ಮೇಲ್ಮೈ ಸುಮಾರು 25 ಮೈಕ್ರಾನ್ ಕರಗಬೇಕು. ಇದೇ ಎಚ್ಚಿಂಗ್. ಅಂದರೆ ಚದರ ಮೀಟರಿಗೆ 67 ಗ್ರಾಂ ಅಲ್ಯೂಮಿನಿಯಂ ಸೋಡಿಯಂ ಅಲ್ಯೂಮಿನೇಟ್ ಆಗಿ ಬಾತ್‌ನಲ್ಲಿ ಉಳಿಯುತ್ತದೆ. ಹಳೇ ದ್ರಾವಣವನ್ನು ಹೊರಬಿಡುವ ಮೊದಲು ಆಸಿಡ್ ಹಾಕಿ ಅದನ್ನು ಬೇರ್ಪಡಿಸಬೇಕು. ಹೀಗೆ ಕರಗಿದ ಒಂದು ಕಿಲೋ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಕೆಸರಾಗಿ ಇಳಿದಾಗ ಒಣ ತೂಕವೇ 2.9 ಕಿಲೋ. ಕೆಸರನ್ನು ಹಿಂಡುವ ಫಿಲ್ಟರ್ ಪ್ರೆಸ್‌ನ ಕೇಕ್‌ನಲ್ಲಿ ಮುಕ್ಕಾಲು ಪಾಲು ನೀರಿರುವುದರಿಂದ ಅದು ಹನ್ನೊಂದು ಹನ್ನೆರಡು ಕಿಲೋ ತೂಗುತ್ತದೆ. ವಿಲೇವಾರಿಗೆ ಒಯ್ಯುವವರು ಆ ನೀರಿನ ತೂಕಕ್ಕೂ ಬಿಲ್ ಹಾಕುತ್ತಾರೆ. ಆಸಿಡ್ ಬೇರೆ: ಕರಗಿದ ಕಿಲೋ ಅಲ್ಯೂಮಿನಿಯಂಗೆ 1.8 ಕಿಲೋ ಸಲ್ಫ್ಯೂರಿಕ್, ಜೊತೆಯಲ್ಲಿರುವ ಕಿಲೋ ಕಾಸ್ಟಿಕ್‌ಗೆ ಇನ್ನೂ 1.2 ಕಿಲೋ. ಖರ್ಚು ತಗ್ಗಲೆಂದು ಆನೋಡೈಸಿಂಗ್ ಟ್ಯಾಂಕ್‌ನ ಹಳೇ ಆಸಿಡ್ಡನ್ನೇ ಬಳಸುತ್ತೇವೆ. ಅದರಲ್ಲೂ ಅಲ್ಯೂಮಿನಿಯಂ ಕರಗಿರುವುದರಿಂದ ಆ ಕೆಸರೂ ಸೇರುತ್ತದೆ.

ಬಂದವರೆಲ್ಲ ಕೇಳುವುದು ಒಂದೇ: ‘ಒಂದಿಷ್ಟು ಆಸಿಡ್ ಸುರಿದರೆ ಮುಗೀತಲ್ಲ, ಅದಕ್ಯಾಕೆ ಒಂದು ದಿನ?’

ಸುರಿದರೆ ಮುಗಿಯುವುದಿಲ್ಲ. ಆಸಿಡ್ ಬೀಳುತ್ತಾ ಹೋದಂತೆ ಪಿಎಚ್ (ಆಮ್ಲ-ಕ್ಷಾರದ ಅಳತೆ) 10ರ ಆಸುಪಾಸಿನಲ್ಲಿ ಬಹಳ ಹೊತ್ತು ಕದಲುವುದೇ ಇಲ್ಲ. ಹೈಡ್ರಾಕ್ಸೈಡ್ ಇಳಿಯುವುದು ಆಗಲೇ. ಅದು ಇಳಿದು ಮುಗಿಯುತ್ತಿದ್ದಂತೆ ಪಿಎಚ್ ಮೀಟರ್ ಒಮ್ಮೆಗೇ ಜಾರುತ್ತದೆ. ಅಲ್ಲಿ ವಾಲ್ವ್ ಸಣ್ಣದು ಮಾಡಿ 7ರ ಹತ್ತಿರ ನಿಲ್ಲಿಸಬೇಕು. 4.5ರ ಕೆಳಗೆ ಹೋಯಿತೋ, ಇಳಿದದ್ದು ಅಲ್ಯೂಮಿನಿಯಂ ಸಲ್ಫೇಟ್ ಆಗಿ ಮತ್ತೆ ಕರಗುತ್ತದೆ. 9ರ ಮೇಲೇ ಬಿಟ್ಟರೆ ಅಲ್ಯೂಮಿನೇಟ್ ಪೂರ್ತಿ ಇಳಿಯುವುದಿಲ್ಲ. ಅವಸರದಲ್ಲಿ ಹಾಕಿದರೆ ಅಕ್ಕಿ ಗಂಜಿಯಂಥ ಲೋಳೆ ಆಗಿ, ನೀರನ್ನು ಹಿಡಿದಿಟ್ಟುಕೊಂಡು ಪ್ರೆಸ್‌ನ ಬಟ್ಟೆಯ ರಂಧ್ರ ಮುಚ್ಚುತ್ತದೆ. ಬಾತ್‌ನ ಬಿಸಿ ಆರುವ ಮೊದಲೇ, ಕಲಕುತ್ತಾ ನಿಧಾನಕ್ಕೆ ಹಾಕಿದರೆ ಕಣ ಗಟ್ಟಿಯಾಗಿ ಬೇಗ ತಂಗುತ್ತದೆ. ಆದರೂ ಒಂದು ರಾತ್ರಿ ಬೇಕು. ಹೊರಬಿಡುವ ನೀರಿನ ಪಿಎಚ್ ಮಿತಿಯೊಳಗೆ ಇದ್ದರಷ್ಟೇ ಸಾಲದು. ಕೆರೆ, ಹೊಳೆ ಸೇರುವ ನೀರಿನಲ್ಲಿ ತೇಲುವ ಕಣ ಲೀಟರಿಗೆ 100 ಮಿಲಿಗ್ರಾಂ ಮೀರಬಾರದೆಂಬ ನಿಯಮವಿದೆ. ಕಲಕಿದ ನೀರನ್ನು ಹಾಗೇ ಬಿಟ್ಟರೆ ಅದು ಎಷ್ಟೋ ಪಟ್ಟು ಮೀರುತ್ತದೆ.

ಆಸಿಡ್ ಹಾಕಿ ತಂಗಿಸುವ ಈ ಟ್ಯಾಂಕ್ ಖಾಲಿಯಾಗದೆ ಎಚ್ಚಿಂಗ್ ಬಾತ್‌ನಿಂದ ಹಳೇ ದ್ರಾವಣ ತೆಗೆಯುವಂತಿಲ್ಲ. ತೆಗೆಯದೆ ಎಳೆದಾಡಿದರೆ ಹೈಡ್ರಾಕ್ಸೈಡ್ ಬಾತ್‌ನಲ್ಲೇ ಇಳಿದು, ಹೀಟಿಂಗ್ ಕಾಯಿಲ್ ಮೇಲೆ ಉಳಿ ಹಾಕಿ ಒಡೆಯಬೇಕಾದ ಹೆಪ್ಪು ಕಟ್ಟುತ್ತದೆ, ನಿಮ್ಮ ಸೆಕ್ಷನ್ ಮೇಲೆ ಮಚ್ಚೆ ಬೀಳುತ್ತದೆ. ಬಾತ್‌ಗೆ ಬೆರೆಸುವ ಗ್ಲುಕೊನೇಟ್ ಎಂಬ ಲವಣವನ್ನು ಹೆಚ್ಚಿಗೆ ಹಾಕಿ ಎನ್ನುವವರಿದ್ದಾರೆ. ಅದು ಹೆಪ್ಪುಗಟ್ಟದಂತೆ ತಡೆಯುತ್ತದೆ ಅಷ್ಟೇ, ಕರಗಿದ ಅಲ್ಯೂಮಿನಿಯಂ ಗ್ರಾಂನಷ್ಟೂ ಕಡಿಮೆಯಾಗುವುದಿಲ್ಲ.

ನಿಮ್ಮ ಶೇಡ್, ಆಕ್ಸೈಡ್ ಫಿಲ್ಮ್‌ನ ದಪ್ಪ ಎರಡೂ ಮೊದಲಿನಂತೆಯೇ ಇರುತ್ತವೆ, ಅದಕ್ಕೆ ನಾವು ಜವಾಬ್ದಾರರು. ಈ ಊರಲ್ಲಿ ನಮ್ಮಷ್ಟು ಸಮನಾದ ಮ್ಯಾಟ್ ಕೊಡುವವರು ಕಡಿಮೆ ಎಂದು ಧೈರ್ಯವಾಗಿಯೇ ಹೇಳುತ್ತೇವೆ. ಖರ್ಚು ಇಳಿಸುವ ದಾರಿ ನಿಮ್ಮ ಕೈಯಲ್ಲೂ ಇದೆ. ಡೈ ಗೆರೆ (ಅಚ್ಚಿನಿಂದ ಬಿದ್ದ ಗೆರೆ), ಗೀರು ಮುಚ್ಚುವುದಕ್ಕೇ ಆಳದ ಎಚ್ಚಿಂಗ್ ಬೇಕಾಗುವುದು. ಸೆಕ್ಷನ್‌ಗಳ ನಡುವೆ ಪೇಪರ್ ಇಟ್ಟು ಗೀರಿಲ್ಲದಂತೆ ಕಳಿಸಿದರೆ 10 ಮೈಕ್ರಾನ್‌ನಲ್ಲೇ ಕೆಲಸ ಮುಗಿಸಬಹುದು, ಆಗ ಹೆಚ್ಚುವರಿ 5 ರೂಪಾಯಿ ಮಾತ್ರ. ಚಲನ್ ಮೇಲೆ ‘ಲೈಟ್ ಮ್ಯಾಟ್’ ಎಂದು ಬರೆಯಿರಿ. ಆಯುಧಪೂಜೆಗೆ ಮೊದಲು ಬೇಕಾದ ಮಾಲಿದ್ದರೆ ಒಂದು ವಾರ ಮುಂಚೆ ಫೋನ್ ಮಾಡಿ ಹೇಳಿ, ಬಾತ್‌ನಲ್ಲಿ ಜಾಗ ಕಾದಿಡುತ್ತೇವೆ.

ಇಂತಿ,
ನಿಮ್ಮ ಆನೋಡೈಸಿಂಗ್ ಘಟಕ
ಹೆಬ್ಬಾಳು ಕೈಗಾರಿಕಾ ಪ್ರದೇಶ, ಮೈಸೂರು