ಶೌಚಾಲಯದ ಬೇಡಿಕೆ: ಭಾನುವಾರದ ಸಭೆಗೆ ಮೊದಲು ಓದಿ

ಎಲ್ಲರಿಗೂ ನಮಸ್ಕಾರ. ಮೊನ್ನೆಯಿಂದ 'ಮೋರ್ಚಾ ತೆಗೆಯೋಣ' ಅಂತ ಮೆಸೇಜು ಜಾಸ್ತಿ ಬರುತ್ತಿವೆ. ಮೋರ್ಚಾ ಆಮೇಲೆ ನೋಡೋಣ. ಮೊದಲು ನಮಗೆ ಬೇಕಾದ್ದು ಒಂದೇ ಸಾಲಿನಲ್ಲಿ ಬರಲಿ: ಮಾರ್ಕೆಟ್ ಪಕ್ಕದ ಶೌಚಾಲಯದಲ್ಲಿ ಹೆಂಗಸರ ಕಡೆಯ ಬೀಗ ತೆಗೆಯಬೇಕು, ಮೂತ್ರಕ್ಕೆ ದುಡ್ಡು ಕೇಳಬಾರದು. ಕಸ, ಬೀದಿದೀಪ ಎಲ್ಲ ಸೇರಿಸಿದರೆ ಯಾವುದೂ ಆಗಲ್ಲ.

2011ರಲ್ಲಿ ನಮ್ಮ ಮುಂಬಯಿಯಲ್ಲೇ 'ರೈಟ್ ಟು ಪೀ' (ಮೂತ್ರಕ್ಕೆ ಹೋಗುವ ಹಕ್ಕು) ಚಳವಳಿ ಶುರುವಾಯಿತಲ್ಲ, ಅದು ಹಿಡಿದದ್ದೂ ಇಂಥದ್ದೇ ಮಾತು. ಗಂಡಸರಿಗೆ ಪುಕ್ಕಟೆ, ಹೆಂಗಸರಿಗೆ ಮಾತ್ರ ಯಾಕೆ ದುಡ್ಡು? ಕೇಳಿದ ಯಾರಿಗೂ ವಿವರಿಸಬೇಕಾಗಿಲ್ಲ.

ಈ ವಾರ ದಿನಾ ಬೆಳಿಗ್ಗೆ 7, ಮಧ್ಯಾಹ್ನ 1, ರಾತ್ರಿ 9ಕ್ಕೆ ಯಾರಾದರೂ ಹೋಗಿ ನೋಡಿ. ಬೀಗ ಇತ್ತಾ, ನೀರಿತ್ತಾ, ಎಷ್ಟು ಕೇಳಿದರು, ಬರೆದಿಡಿ. ಬೀಗದ ಫೋಟೋ ಸಾಕು, ಜನರ ಮುಖ ಬೇಡ.

ಹೂ ಮಾರುವ ಅಕ್ಕ ಮನೆಗೆ ಹೋಗುವ ತನಕ ನೀರೇ ಕುಡಿಯೋದಿಲ್ಲವಂತೆ. ಅದನ್ನು ವಾರ್ಡ್ ಕಚೇರಿಯಲ್ಲಿ ಅವರೇ ಹೇಳಲಿ, ಅವರಿಗೆ ಒಪ್ಪಿಗೆ ಇದ್ದರೆ. ನಾವು ಅವರ ಪರವಾಗಿ ಭಾಷಣ ಮಾಡುವುದು ಬೇಡ (ನನಗೂ ಸೇರಿಸಿ ಹೇಳಿದೆ!).

ಈ ಶೌಚಾಲಯದ ಬಗ್ಗೆ ಮಾಹಿತಿ ಹಕ್ಕಿನ ಅರ್ಜಿ ನಾನು ಬರೆಯುತ್ತೇನೆ. 10 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸಿದರಾಯಿತು. ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. ಉತ್ತರಕ್ಕೆ 30 ದಿನ ಕಾಯಬೇಕು, ಅದಕ್ಕೇ ಸೋಮವಾರವೇ ಕೊಡೋಣ. ಮರಾಠಿ ಚೆನ್ನಾಗಿ ಬರೆಯುವವರು ಒಬ್ಬರು ಕೈ ಎತ್ತಿ. ನನ್ನ ಮರಾಠಿ ತರಕಾರಿ ಚೌಕಾಶಿಗಷ್ಟೇ ಸಾಕು.